ಕಾಣದ ವೈರು, ಕಾಣುವ ಕೇಬಲ್: ಎಂಎಸ್-20 ಒಳಗೆ ಸದ್ದು ಹುಟ್ಟುವ ಬಗೆ

ಕೊರ್ಗ್ ಕಂಪನಿಯ ಎಂಎಸ್-20 ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್ ವಾದ್ಯದ ಮುಂದೆ ಮೊದಲ ಸಲ ಕೂತವರಿಗೆ ನಾನು ಒಂದು ಆಟ ಆಡಿಸುತ್ತೇನೆ. ಎರಡೂ ಆಸಿಲೇಟರ್‌ಗಳ ಲೆವೆಲ್ ಸೊನ್ನೆಗೆ ಇಳಿಸಿ ಅನ್ನುತ್ತೇನೆ. ಸದ್ದು ಹುಟ್ಟುವುದೇ ಆಸಿಲೇಟರ್‌ನಲ್ಲಿ. ಅಲ್ಲಿಗೆ ಮೂಲಕ್ಕೇ ಬಾಗಿಲು ಹಾಕಿದ ಹಾಗಾಯಿತು. ಆಮೇಲೆ ಮೇಲಿನ ಸ್ವರಗಳನ್ನು ಸೋಸಿ ತೆಗೆಯುವ ಲೋ ಪಾಸ್ ಫಿಲ್ಟರ್‌ನ ಪೀಕ್ ನಾಬನ್ನು ಕೊನೆಯವರೆಗೆ ತಿರುಗಿಸಿ, ಒಂದು ಕೀ ಒತ್ತಿ. ಏನೂ ಕೇಳಬಾರದು, ಅಲ್ವಾ?

ಕೇಳುತ್ತದೆ. ಸಣ್ಣಗೆ ಸಿಳ್ಳೆ ಹೊಡೆದಂಥ ಸದ್ದು. ಎಲ್ಲಿಂದ ಸೋಸಬೇಕು ಎಂದು ಹೇಳುವ ಕಟಾಫ್ ನಾಬ್ ತಿರುಗಿಸಿದರೆ ಸಿಳ್ಳೆ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಸದ್ದನ್ನು ಸೋಸಲು ಇಟ್ಟಿದ್ದ ಜರಡಿಯೇ ಹಾಡಲು ಶುರು ಮಾಡಿದೆ. ಇನ್ನೂ ಒಂದು ವಿಚಿತ್ರ ಇದೆ. ಯಾವ ಕೀ ಒತ್ತಿದರೂ ಅದೇ ಸಿಳ್ಳೆ. ಕೀಬೋರ್ಡಿಗೂ ಫಿಲ್ಟರಿಗೂ ಸಂಬಂಧವೇ ಇಲ್ಲವೇನೋ ಅನ್ನಿಸುತ್ತದೆ. ನಿಜವಾಗಿಯೂ ಇಲ್ಲ. ಅವೆರಡರ ನಡುವೆ ಕಂಪನಿಯವರು ವೈರ್ ಎಳೆದಿಲ್ಲ. ಬೇಕಾದರೆ ನೀವೇ ಎಳೆದುಕೊಳ್ಳಬಹುದು. ಬಲಗಡೆ ಸಾಲುಸಾಲಾಗಿ ಜ್ಯಾಕ್‌ಗಳಿರುವ ಪ್ಯಾಚ್ ಪ್ಯಾನೆಲ್ ಇರುವುದು ಅದಕ್ಕೇ.

ಎಂಎಸ್-20ಯನ್ನು ಸೆಮಿ ಮಾಡ್ಯುಲರ್ ಅನ್ನುತ್ತಾರೆ. ಆ ಮಾತಿನ ಅರ್ಥ ಇಷ್ಟರಲ್ಲೇ ಇದೆ. ಸ್ವಲ್ಪ ಹಿಂದಕ್ಕೆ ಹೋಗೋಣ. 1960ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ರಾಬರ್ಟ್ ಮೂಗ್ ಮತ್ತು ಡಾನ್ ಬುಕ್ಲಾ ಬೇರೆ ಬೇರೆಯಾಗಿ ಮಾಡ್ಯುಲರ್ ಸಿಂಥಸೈಜರ್ ಕಟ್ಟಿದರು. ಅದರಲ್ಲಿ ಪ್ರತಿ ಕೆಲಸಕ್ಕೂ ಒಂದೊಂದು ಪ್ರತ್ಯೇಕ ಡಬ್ಬಿ. ಕೇಬಲ್ ಹಾಕಿ ಜೋಡಿಸುವ ತನಕ ಯಂತ್ರ ಮೂಕ. 1970ರಲ್ಲಿ ಬಂದ ಮಿನಿಮೂಗ್ ಇದಕ್ಕೆ ಉಲ್ಟಾ. ಎಲ್ಲ ಜೋಡಣೆಯೂ ಒಳಗೇ ಆಗಿದೆ, ಪ್ಯಾಚ್ ಪ್ಯಾನೆಲ್ ಇಲ್ಲ. ಕೂತ ತಕ್ಷಣ ನುಡಿಸಬಹುದು, ಆದರೆ ಆ ಜೋಡಣೆಯನ್ನು ಬದಲಿಸುವ ಹಾಗಿಲ್ಲ. 1971ರ ಎಆರ್‌ಪಿ 2600 ಎರಡರ ನಡುವಿನ ದಾರಿ ಹಿಡಿಯಿತು. 1978ರಲ್ಲಿ ಜಪಾನಿನಿಂದ ಬಂದ ಎಂಎಸ್-20 ಅದೇ ದಾರಿಯದು, ಆದರೆ ಗಾತ್ರದಲ್ಲಿ ಚಿಕ್ಕದು. 37 ಕೀಗಳು, ಒಂದು ಹೊತ್ತಿಗೆ ಒಂದೇ ಸ್ವರ.

ಈ ನಡುವಿನ ದಾರಿಯ ಗುಟ್ಟು ಜ್ಯಾಕ್‌ನ ಒಳಗಿದೆ. ಅದರಲ್ಲಿ ಲೋಹದ ಒಂದು ಪುಟ್ಟ ನಾಲಿಗೆ ಇರುತ್ತದೆ. ಕೇಬಲ್ ಇಲ್ಲದಾಗ ಆ ನಾಲಿಗೆ ಒಳಗಿನ ವೈರಿಗೆ ತಾಗಿಕೊಂಡಿರುತ್ತದೆ. ಕಂಪನಿಯವರು ಮೊದಲೇ ಹಾಕಿಕೊಟ್ಟ ಜೋಡಣೆ ಅದು. ನೀವು ಪ್ಲಗ್ ತೂರಿಸಿದ ಕೂಡಲೇ ನಾಲಿಗೆ ಪಕ್ಕಕ್ಕೆ ಸರಿಯುತ್ತದೆ. ಹಳೆಯ ಜೋಡಣೆ ಕಡಿದುಹೋಗಿ ನಿಮ್ಮ ಕೇಬಲ್ಲಿನಲ್ಲಿ ಬರುತ್ತಿರುವುದು ಅಲ್ಲಿ ಕೂರುತ್ತದೆ. ಎಲ್ಲ ಜ್ಯಾಕ್‌ಗಳಲ್ಲೂ ಈ ನಾಲಿಗೆ ಇಲ್ಲ. ಆದರೆ ಇರುವ ಕಡೆ ಒಂದು ಕೇಬಲ್ ಹಾಕಿದಿರಿ ಅಂದರೆ ಕಾಣದ ಒಂದು ವೈರನ್ನು ಕಿತ್ತಿರಿ ಎಂದೇ ಅರ್ಥ. ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲೇ. ‘ಕೇಬಲ್ ಹಾಕಿದೆ, ಮೊದಲಿದ್ದ ಎಫೆಕ್ಟ್ ಹೊರಟುಹೋಯಿತು’ ಎಂದು ಪೇಚಾಡುತ್ತಾರೆ. ಹೋಗಲೇಬೇಕು. ಆದ್ದರಿಂದ ಕಾಣದ ವೈರುಗಳನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ಎರಡು ಆಸಿಲೇಟರ್‌ಗಳಿಂದ ಸದ್ದು ಹೊರಡುತ್ತದೆ. ಅವು ಮಿಕ್ಸರ್‌ನಲ್ಲಿ ಸೇರುತ್ತವೆ. ಅಲ್ಲಿಂದ ಕೆಳಗಿನ ಸ್ವರಗಳನ್ನು ಸೋಸುವ ಹೈ ಪಾಸ್ ಫಿಲ್ಟರ್, ಆಮೇಲೆ ಲೋ ಪಾಸ್ ಫಿಲ್ಟರ್, ಕೊನೆಗೆ ಆಂಪ್ಲಿಫೈಯರ್. ಇದು ಸದ್ದಿನ ದಾರಿ. ಇದರ ಜೊತೆಗೆ ಹತೋಟಿಯ ದಾರಿ ಅಂತ ಇನ್ನೊಂದು ಇದೆ. ಕೀ ಒತ್ತಿದಾಗ ಎರಡು ಎನ್ವಲಪ್‌ಗಳು ಏಳುತ್ತವೆ. ಅಂದರೆ ಏರಿ ಇಳಿಯುವ ವೋಲ್ಟೇಜ್. ಮೊದಲನೆಯದು ಶ್ರುತಿಯನ್ನು ಅಲುಗಿಸಬಲ್ಲದು. ಎರಡನೆಯದು ಆಂಪ್ಲಿಫೈಯರನ್ನು ತೆರೆದು ಮುಚ್ಚುತ್ತದೆ, ಜೊತೆಗೆ ಎರಡೂ ಫಿಲ್ಟರ್‌ಗಳನ್ನು ದೂಡಬಲ್ಲದು. ಇದಲ್ಲದೆ ನಿಧಾನವಾಗಿ ತೂಗುತ್ತಲೇ ಇರುವ ಮಾಡ್ಯುಲೇಶನ್ ಜನರೇಟರ್ ಒಂದಿದೆ. ಶ್ರುತಿಗೆ ಕೊಟ್ಟರೆ ಸ್ವರ ನಡುಗುತ್ತದೆ, ಫಿಲ್ಟರಿಗೆ ಕೊಟ್ಟರೆ ‘ವಾವ್ ವಾವ್’ ಅನ್ನುತ್ತದೆ.

ಎರಡನೇ ಎನ್ವಲಪ್‌ನಲ್ಲಿ ಹೋಲ್ಡ್ ಎಂಬ ನಾಬ್ ಒಂದಿದೆ, ಹುಷಾರಾಗಿರಿ. ಕೀಯಿಂದ ಬೆರಳು ತೆಗೆದ ಮೇಲೂ ಅದು ಸ್ವರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗೊತ್ತಿಲ್ಲದೆ ಅದನ್ನು ಏರಿಸಿ, ಯಂತ್ರ ಕೆಟ್ಟಿದೆ ಅಂದುಕೊಂಡು ಒಂದು ಸಂಜೆ ಪೂರ್ತಿ ಕಳೆದವನು ನಾನು. ಮರುದಿನ ಹೈ ಪಾಸ್ ಕಟಾಫನ್ನು ತುದಿಗೆ ತಿರುಗಿಸಿಟ್ಟು, ಸದ್ದೇ ಬರುತ್ತಿಲ್ಲವಲ್ಲ ಎಂದು ಇನ್ನೊಂದು ಸಂಜೆ.

ಈಗ ಆಸಿಲೇಟರ್‌ಗಳನ್ನು ಕೇಳೋಣ. ಮೊದಲನೆಯದರಲ್ಲಿ ತ್ರಿಕೋನ ಅಲೆ, ಗರಗಸದ ಹಲ್ಲಿನಂಥ ಅಲೆ, ಅಗಲ ಬದಲಿಸಬಹುದಾದ ಪಲ್ಸ್, ಬುಸ್ ಅನ್ನುವ ಬಿಳಿ ಸದ್ದು ಅಂದರೆ ನಾಯ್ಸ್ ಇವೆ. ಹೆಸರು ಬಂದದ್ದು ಅಲೆಯ ಆಕಾರದಿಂದ. ಕಿವಿಗೆ ಮುಟ್ಟುವುದು ಮಾತ್ರ ಆಕಾರವಲ್ಲ, ಅದರೊಳಗೆ ಅಡಗಿರುವ ಮೇಲಿನ ಸ್ವರಗಳು. ಗರಗಸದ ಅಲೆಯನ್ನು 110 ಹರ್ಟ್ಜ್‌ನಲ್ಲಿ ನುಡಿಸಿದರೆ 220, 330, 440 ಹೀಗೆ ಎಲ್ಲ ಗುಣಕಗಳೂ ಇರುತ್ತವೆ, ಮೇಲೆ ಹೋದಂತೆ ಸಣ್ಣದಾಗುತ್ತ. ಅದಕ್ಕೇ ಅದು ತುಂಬಿಕೊಂಡ, ಸ್ವಲ್ಪ ಒರಟು ಸದ್ದು. ಚೌಕದ ಅಲೆಯಲ್ಲಿ 330, 550 ಹೀಗೆ ಬೆಸ ಗುಣಕಗಳು ಮಾತ್ರ. ಟೊಳ್ಳು ಕೊಳವೆ ಊದಿದ ಹಾಗೆ ಕೇಳುತ್ತದೆ. ಪಲ್ಸ್ ತೆಳುವಾದಷ್ಟೂ ಮೂಗಿನಲ್ಲಿ ಮಾತಾಡಿದ ಹಾಗಾಗುತ್ತದೆ. ತ್ರಿಕೋನದಲ್ಲಿಯೂ ಬೆಸ ಗುಣಕಗಳೇ, ಆದರೆ ಬಹಳ ಬೇಗ ಕುಗ್ಗುತ್ತವೆ. ಹಾಗಾಗಿ ಅದು ಮೆತ್ತಗಿದೆ.

ಸ್ಥಾಯಿ ಬದಲಿಸುವ ನಾಬ್‌ನ ಮೇಲೆ 32, 16, 8, 4 ಅಡಿ ಎಂದು ಬರೆದಿರುತ್ತದೆ. ವಿದ್ಯುತ್ ಯಂತ್ರದಲ್ಲಿ ಅಡಿ ಲೆಕ್ಕ ಯಾಕೆ? ಹಳೆಯ ಪೈಪ್ ಆರ್ಗನ್‌ಗಳಲ್ಲಿ ಕೊಳವೆಯ ಉದ್ದ ಅರ್ಧವಾದರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತಿತ್ತು. ಕೊಳವೆ ಹೋಯಿತು, ಅದರ ಅಳತೆ ಉಳಿಯಿತು.

ಎರಡನೇ ಆಸಿಲೇಟರನ್ನು ಮೊದಲನೆಯದಕ್ಕಿಂತ ಕೂದಲೆಳೆಯಷ್ಟು ಮೇಲೆ ಇಡಿ. ಒಂದು 220, ಇನ್ನೊಂದು 221 ಹರ್ಟ್ಜ್ ಅಂದುಕೊಳ್ಳಿ. ಸೆಕೆಂಡಿಗೆ ಒಂದು ಸಲ ಸದ್ದು ಉಬ್ಬಿ ಇಳಿಯುತ್ತದೆ. ಒಂದೇ ಸ್ವರ ಇದ್ದಕ್ಕಿದ್ದ ಹಾಗೆ ದಪ್ಪವಾಗುತ್ತದೆ. ಈ ಎರಡನೇ ಆಸಿಲೇಟರ್‌ನಲ್ಲಿ ರಿಂಗ್ ಎಂಬ ಆಯ್ಕೆಯೂ ಇದೆ. ಎರಡೂ ಆಸಿಲೇಟರ್‌ಗಳ ಪಲ್ಸ್‌ಗಳನ್ನು ಅದು ಹೋಲಿಸಿ ನೋಡುತ್ತದೆ. ಎರಡೂ ಮೇಲಿದ್ದರೆ ಅಥವಾ ಎರಡೂ ಕೆಳಗಿದ್ದರೆ ಒಂದು ಉತ್ತರ, ಬೇರೆ ಬೇರೆ ಇದ್ದರೆ ಇನ್ನೊಂದು ಉತ್ತರ. ಇಷ್ಟೇ ಲೆಕ್ಕ. ಆದರೆ ಹೊರಗೆ ಬರುವುದು ಎರಡರ ಮೊತ್ತ ಮತ್ತು ವ್ಯತ್ಯಾಸದ ಸ್ವರಗಳು. 300 ಮತ್ತು 200 ಕೊಟ್ಟರೆ 500, 100, ಜೊತೆಗೆ ಅವುಗಳ ಬಳಗ. ಶ್ರುತಿಗಳ ನಡುವೆ ಅಚ್ಚುಕಟ್ಟಾದ ಅನುಪಾತ ಇಲ್ಲದಿದ್ದರೆ ತಗಡು ಬಡಿದ ಹಾಗೆ, ಒಡಕು ಗಂಟೆಯ ಹಾಗೆ ಕೇಳುತ್ತದೆ.

ಆದರೆ ಎಂಎಸ್-20ಯನ್ನು ಜನ ಇಂದಿಗೂ ನೆನೆಯುವುದು ಆಸಿಲೇಟರ್‌ಗಾಗಿ ಅಲ್ಲ. ಅದರ ಫಿಲ್ಟರಿಗಾಗಿ. ಸರಿಯಾಗಿ ಹೇಳಬೇಕೆಂದರೆ ಅದರ ಎರಡು ಫಿಲ್ಟರ್‌ಗಳಿಗಾಗಿ.

ಇದರ ಹಿಂದಿನ ಎಂಜಿನಿಯರುಗಳಲ್ಲಿ ಫುಮಿಯೊ ಮಿಯೆದಾ ಮುಖ್ಯರು. 1973ರ ಮಿನಿಕೊರ್ಗ್ 700ರಲ್ಲೇ ಅವರು ‘ಟ್ರಾವೆಲರ್’ ಎಂಬ ಜೋಡಿ ಸ್ಲೈಡರ್ ಇಟ್ಟಿದ್ದರು. ಒಂದು ಮೇಲಿನಿಂದ ಕತ್ತರಿಸುತ್ತಿತ್ತು, ಇನ್ನೊಂದು ಕೆಳಗಿನಿಂದ. ಎಂಎಸ್-20ಯಲ್ಲಿ ಆ ಜೋಡಿಗೆ ಒಂದೊಂದು ಪೀಕ್ ನಾಬ್ ಸಿಕ್ಕಿದೆ. ಪೀಕ್ ಅಂದರೆ ಫಿಲ್ಟರಿನಿಂದ ಹೊರಬಂದ ಸದ್ದನ್ನು ಸ್ವಲ್ಪ ಮತ್ತೆ ಅದರ ಬಾಯಿಗೇ ಕೊಡುವುದು. ಆಗ ಕಟಾಫ್ ಇರುವ ಜಾಗದ ಸ್ವರ ಎದ್ದು ನಿಲ್ಲುತ್ತದೆ. ಜಾಸ್ತಿ ಕೊಟ್ಟರೆ, ಮೈಕನ್ನು ಸ್ಪೀಕರ್ ಹತ್ತಿರ ತಂದಾಗ ಕುಯ್ ಅನ್ನುತ್ತದಲ್ಲ, ಅದೇ ಆಗುತ್ತದೆ. ಮೊದಲು ಕೇಳಿದ ಸಿಳ್ಳೆ ಅದು. ಒಳಗಿನ ಅತಿ ಸಣ್ಣ ಸದ್ದೊಂದು ಸುತ್ತಿ ಸುತ್ತಿ ಬೆಳೆದು ಸ್ವರವಾಗಿದೆ.

ಬೆಳೆಯುತ್ತಲೇ ಹೋದರೆ ಏನು ಗತಿ? ಅದನ್ನು ತಡೆಯಲು ಸುತ್ತುದಾರಿಯಲ್ಲಿ ಡಯೋಡ್‌ಗಳನ್ನು ಇಟ್ಟಿದ್ದಾರೆ. ಒಂದು ಮಟ್ಟ ದಾಟಿದ ಅಲೆಯ ತಲೆಯನ್ನು ಅವು ಸವರಿಬಿಡುತ್ತವೆ. ಎಂಎಸ್-20ಯ ಕಿರುಚಾಟಕ್ಕೆಲ್ಲ ಮೂಲ ಈ ಸವರುವಿಕೆಯೇ. ಆಸಿಲೇಟರ್‌ಗಳ ಲೆವೆಲ್ 10ರಲ್ಲಿ ಇಟ್ಟು ಪೀಕ್ ಏರಿಸಿ. ಒಳಗೆ ಬರುವ ಸದ್ದೂ ಸಿಳ್ಳೆಯೂ ಒಂದೇ ಬಾಗಿಲಿನಲ್ಲಿ ನುಗ್ಗಲು ಜಗಳಕ್ಕೆ ಬೀಳುತ್ತವೆ. ಸಿಳ್ಳೆ ಅಡಗುತ್ತದೆ, ಇಡೀ ಸದ್ದು ಹರಿದಂತಾಗುತ್ತದೆ. ಲೆವೆಲನ್ನು 4ಕ್ಕೆ ಇಳಿಸಿ. ಈಗ ಸಿಳ್ಳೆಯದೇ ಮೇಲುಗೈ. ಆ ಎರಡರ ನಡುವೆ, ಯಾರೂ ಪೂರ್ತಿ ಗೆಲ್ಲದ ಒಂದು ಜಾಗ ಇದೆ. ನನಗೆ ಕೇಳಿದರೆ ಈ ಯಂತ್ರ ಇರುವುದೇ ಅಲ್ಲಿ. ಫಿಲ್ಟರ್‌ನ ಸ್ವಭಾವ ಬದಲಿಸಲು ಫಿಲ್ಟರ್ ನಾಬ್ ಮುಟ್ಟುವ ಬದಲು ಮಿಕ್ಸರ್ ನಾಬ್ ಮುಟ್ಟಬೇಕು ಎಂದು ಹೊಳೆಯಲು ನನಗೆ ತುಂಬಾ ದಿನ ಬೇಕಾಯಿತು.

ಕತ್ತರಿಸುವ ರೀತಿಯೂ ಬೇರೆ. ಹೆಸರುವಾಸಿ ಮೂಗ್ ಫಿಲ್ಟರ್ ಕಟಾಫ್‌ನಿಂದ ಮೇಲೆ ಸ್ಥಾಯಿಗೆ 24 ಡೆಸಿಬಲ್‌ನಂತೆ ಇಳಿಸುತ್ತದೆ. ಅಂದರೆ ಒಂದು ಸ್ಥಾಯಿ ಮೇಲೆ ಹೋದರೆ ಅಲೆಯ ಎತ್ತರ ಸುಮಾರು ಹದಿನಾರನೇ ಒಂದು ಭಾಗ. ಎಂಎಸ್-20ಯ ಲೋ ಪಾಸ್ 12 ಡೆಸಿಬಲ್‌ನದು, ಕಾಲು ಭಾಗ ಉಳಿಸುತ್ತದೆ. ಹೈ ಪಾಸ್ ಇನ್ನೂ ಸಡಿಲ, 6 ಡೆಸಿಬಲ್, ಕೆಳಗೆ ಹೋದಾಗ ಅರ್ಧ ಉಳಿಸುತ್ತದೆ. ಹಾಗಾಗಿ ಇದು ನಯವಾಗಿ ಮುಚ್ಚುವುದಿಲ್ಲ, ಸಂದಿಯಿಂದ ಸದ್ದು ಸೋರುತ್ತಲೇ ಇರುತ್ತದೆ. ಶುರುವಿನ ಯಂತ್ರಗಳಲ್ಲಿ ಕಂಪನಿಯದೇ ಆದ ಕೊರ್ಗ್ 35 ಎಂಬ ಪುಟ್ಟ ಚಿಪ್ ಇತ್ತು. ಆಮೇಲಿನವುಗಳಲ್ಲಿ ಎಲ್‌ಎಂ13600 ಎಂಬ ಚಿಪ್ ಬಂತು. ಮೊದಲನೆಯದು ಜಾಸ್ತಿ ಒರಟು, ಎರಡನೆಯದು ಸ್ವಲ್ಪ ಶಾಂತ. ಯಾವುದು ಮೇಲು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. 2014ರಲ್ಲಿ ಬಂದ ಕಿಟ್‌ನಲ್ಲಿ ಕಂಪನಿಯವರು ಎರಡನ್ನೂ ಇಟ್ಟು, ನೀವೇ ಆರಿಸಿಕೊಳ್ಳಿ ಅಂದುಬಿಟ್ಟರು.

ಎರಡು ಫಿಲ್ಟರ್, ಎರಡು ಪೀಕ್. ಇದರಿಂದ ಆಗುವ ಒಂದು ಸೊಗಸಾದ ಕೆಲಸ ಇದೆ. ನಾವು ‘ಆ’ ಅನ್ನುವುದಕ್ಕೂ ‘ಈ’ ಅನ್ನುವುದಕ್ಕೂ ಗಂಟಲಲ್ಲಿ ವ್ಯತ್ಯಾಸ ಇಲ್ಲ. ಬಾಯಿ ಮತ್ತು ನಾಲಿಗೆ ಸದ್ದಿನ ಯಾವ ಭಾಗವನ್ನು ಎತ್ತಿ ಹಿಡಿಯುತ್ತವೆ ಎಂಬುದರಲ್ಲಿ ವ್ಯತ್ಯಾಸ ಇದೆ. ದೊಡ್ಡವರ ಗಂಡು ದನಿಯಲ್ಲಿ ‘ಆ’ ಅಂದಾಗ ಸುಮಾರು 700 ಮತ್ತು 1100 ಹರ್ಟ್ಜ್ ಸುತ್ತ ಎರಡು ಉಬ್ಬುಗಳು ಕಾಣುತ್ತವೆ. ‘ಈ’ ಅಂದಾಗ 300 ಮತ್ತು 2300ರ ಸುತ್ತ. ಈಗ ಗರಗಸದ ಅಲೆ ಹಾಕಿ, ಹೈ ಪಾಸ್‌ನ ಪೀಕನ್ನು ಕೆಳಗಿನ ಉಬ್ಬಿನ ಜಾಗದಲ್ಲಿ, ಲೋ ಪಾಸ್‌ನದನ್ನು ಮೇಲಿನ ಉಬ್ಬಿನ ಜಾಗದಲ್ಲಿ ನಿಲ್ಲಿಸಿ. ಎರಡು ಕೈಯಲ್ಲಿ ಎರಡು ಕಟಾಫ್ ಹಿಡಿದು ಹತ್ತಿರ ದೂರ ಮಾಡಿದರೆ ಯಂತ್ರ ಬಾಯಿ ತೆರೆದು ಮುಚ್ಚುತ್ತದೆ. ಸ್ಪಷ್ಟ ಸ್ವರಾಕ್ಷರ ಅಂತ ಹೇಳಲಾರೆ. ಆದರೆ ಯಾರೋ ಏನೋ ಹೇಳಲು ಹೊರಟಿದ್ದಾರೆ ಅನ್ನಿಸುವಷ್ಟು ಹತ್ತಿರ.

ಇಷ್ಟು ಹೊತ್ತೂ ಒಂದು ಕೇಬಲ್ ಕೂಡ ಹಾಕಿಲ್ಲ, ಗಮನಿಸಿ. ಇನ್ನೊಂದನ್ನು ಹಾಗೇ ಮಾಡಿ ಮುಂದೆ ಹೋಗೋಣ. ಸಿಳ್ಳೆಗೆ ವಾಪಸ್ ಬನ್ನಿ, ಆಸಿಲೇಟರ್‌ಗಳು ಸೊನ್ನೆ. ಲೋ ಪಾಸ್ ಕಟಾಫನ್ನು ತೀರಾ ಕೆಳಗಿಡಿ. ಎರಡನೇ ಎನ್ವಲಪ್ ಫಿಲ್ಟರನ್ನು ದೂಡುವ ನಾಬನ್ನು ಏರಿಸಿ. ಎನ್ವಲಪ್ ನಿಲ್ಲುವ ಮಟ್ಟ ಹೇಳುವ ಸಸ್ಟೇನ್ ಸೊನ್ನೆ, ಅಲ್ಲಿಗೆ ಇಳಿಯುವ ಸಮಯ ಹೇಳುವ ಡಿಕೇ ಚಿಕ್ಕದು. ಕೀ ಒತ್ತಿದರೆ ಸಿಳ್ಳೆ ಮೇಲಿನಿಂದ ಸರ್ರನೆ ಕೆಳಗೆ ಬೀಳುತ್ತದೆ. ಎಷ್ಟು ಬೇಗ ಅಂದರೆ ಅದು ಸಿಳ್ಳೆ ಅಂತ ಕೇಳುವುದೇ ಇಲ್ಲ, ‘ಡುಮ್’ ಅನ್ನುತ್ತದೆ. ಡ್ರಮ್ ಸಿಕ್ಕಿತು.

ಈಗ ಕೇಬಲ್. ಮೊದಲ ಪ್ರಶ್ನೆಯನ್ನೇ ಬಿಡಿಸೋಣ. ಕೀಬೋರ್ಡ್ ವೋಲ್ಟೇಜ್ ಹೊರಬರುವ ಜ್ಯಾಕ್‌ನಿಂದ ಲೋ ಪಾಸ್ ಕಟಾಫ್ ಜ್ಯಾಕಿಗೆ ಒಂದು ಕೇಬಲ್. ಒಳಗಿನ ನಾಲಿಗೆ ಸರಿಯಿತು, ಎನ್ವಲಪ್ ಕಡಿದುಹೋಯಿತು, ಡ್ರಮ್ಮೂ ಹೋಯಿತು. ಅದರ ಬದಲು ಸಿಳ್ಳೆ ಈಗ ಕೀಗಳ ಜೊತೆ ಏರಿಳಿಯುತ್ತದೆ. ಆದರೆ ಶ್ರುತಿ ಸರಿಯಾಗಿ ಕೂರುವುದಿಲ್ಲ. ಕಾರಣ ಎಂಎಸ್-20ಯ ಒಂದು ಹಟ. ಬಹುಪಾಲು ಸಿಂಥಸೈಜರ್‌ಗಳಲ್ಲಿ ಒಂದು ಸ್ಥಾಯಿ ಏರಲು 1 ವೋಲ್ಟ್ ಕೂಡಿಸುತ್ತಾರೆ. 1, 2, 3, 4 ಹೀಗೆ. ಎಂಎಸ್-20ಯ ಕೀಬೋರ್ಡ್ ಸ್ಥಾಯಿಗೊಮ್ಮೆ ವೋಲ್ಟೇಜನ್ನು ಇಮ್ಮಡಿ ಮಾಡುತ್ತದೆ. 1, 2, 4, 8. ಕಂಪನಾಂಕವೂ ಸ್ಥಾಯಿಗೊಮ್ಮೆ ಇಮ್ಮಡಿಯಾಗುವುದರಿಂದ ಆಸಿಲೇಟರಿಗೆ ಇದು ನೇರ ಲೆಕ್ಕ, ಫಿಲ್ಟರಿಗೆ ಅಲ್ಲ. ಕೂಡಿಸಿದ್ದನ್ನು ಇಮ್ಮಡಿಯಾಗಿ ಬದಲಿಸುವ, ಬಿಸಿಯಾದರೆ ಶ್ರುತಿ ತಪ್ಪುವ ಸರ್ಕ್ಯೂಟಿನ ಕಾಟ ಇಲ್ಲ. ಖರ್ಚು ಉಳಿಯಿತು. ಆದರೆ ಬೇರೆ ಕಂಪನಿಯ ಯಂತ್ರದ ಜೊತೆ ಜೋಡಿಸಿದರೆ ಸ್ವರಗಳು ಎಲ್ಲೆಲ್ಲೋ ಹೋಗುತ್ತವೆ. ಸ್ವರ ಶುರು ಮಾಡುವ ಸಂಕೇತವೂ ಉಲ್ಟಾ. ಬೇರೆಯವರು ವೋಲ್ಟೇಜ್ ಏರಿಸಿದರೆ ಇದು ನೆಲಕ್ಕೆ ಇಳಿಸುತ್ತದೆ.

ಇನ್ನೊಂದು ಪ್ಯಾಚ್, ಅಂದರೆ ಕೇಬಲ್ ಜೋಡಣೆ. ಇದಕ್ಕೆ ಮೂರು ಕೇಬಲ್ ಬೇಕು. ಪ್ಯಾನೆಲ್‌ನಲ್ಲಿ ಸ್ಯಾಂಪಲ್ ಅಂಡ್ ಹೋಲ್ಡ್ ಎಂಬ ಭಾಗ ಇದೆ. ತಾಳ ಬಿದ್ದಾಗೊಮ್ಮೆ ಒಳಗೆ ಬರುತ್ತಿರುವ ವೋಲ್ಟೇಜನ್ನು ಇಣುಕಿ ನೋಡಿ, ಮುಂದಿನ ತಾಳದ ತನಕ ಅದನ್ನೇ ಹಿಡಿದುಕೊಂಡಿರುವುದು ಅದರ ಕೆಲಸ. ನಾಯ್ಸನ್ನು ಅದರ ಒಳಬಾಗಿಲಿಗೆ ಕೊಡಿ. ಮಾಡ್ಯುಲೇಶನ್ ಜನರೇಟರ್‌ನ ಪಲ್ಸನ್ನು ತಾಳವಾಗಿ ಕೊಡಿ. ಹೊರಬರುವುದನ್ನು ಲೋ ಪಾಸ್ ಕಟಾಫಿಗೆ ಹಾಕಿ, ಪೀಕ್ ಏರಿಸಿ. ಹಳೆಯ ಸಿನಿಮಾಗಳಲ್ಲಿ ಕಂಪ್ಯೂಟರ್ ಯೋಚಿಸುವಾಗ ಬರುತ್ತಿದ್ದ ‘ಪಿಳಿಕ್ ಪುಳಕ್’ ಸದ್ದು ನೆನಪಿದೆಯಾ? ಅಂಥದ್ದೇ.

ಈ ಪ್ಯಾಚ್‌ನಲ್ಲಿ ನಡೆದದ್ದನ್ನು ಇನ್ನೊಮ್ಮೆ ನೋಡಿ. ನಾಯ್ಸ್ ಒಂದು ಸದ್ದು. ಅದನ್ನು ನಾವು ಕೇಳಲಿಲ್ಲ, ಹತೋಟಿಗೆ ಬಳಸಿದೆವು. ಯಂತ್ರ ತಕರಾರು ಮಾಡಲಿಲ್ಲ. ಅದಕ್ಕೆ ಸದ್ದು, ಹತೋಟಿ ಎಂಬ ಭೇದವೇ ಇಲ್ಲ. ಎರಡೂ ಏರಿಳಿಯುವ ವೋಲ್ಟೇಜ್. ಬೇಗ ಏರಿಳಿದರೆ ನಮ್ಮ ಕಿವಿ ಅದನ್ನು ಸದ್ದು ಅನ್ನುತ್ತದೆ, ಅಷ್ಟೇ. ಸ್ಯಾಂಪಲ್ ಅಂಡ್ ಹೋಲ್ಡನ್ನೂ ಬಿಟ್ಟು ನಾಯ್ಸನ್ನು ನೇರವಾಗಿ ಕಟಾಫಿಗೆ ಹಾಕಿ ನೋಡಿ, ಸಿಳ್ಳೆಯ ಗಂಟಲು ಕಟ್ಟುತ್ತದೆ.

ಈ ಭೇದ ಇಲ್ಲದಿರುವುದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು ಪ್ಯಾನೆಲ್‌ನ ಕೆಳಭಾಗದಲ್ಲಿರುವ ಎಕ್ಸ್‌ಟರ್ನಲ್ ಸಿಗ್ನಲ್ ಪ್ರೊಸೆಸರ್. ಇಲ್ಲಿಗೆ ಹೊರಗಿನ ಸದ್ದು ಕೊಡಬಹುದು. ಮೈಕ್, ಗಿಟಾರ್, ಏನಾದರೂ. ಅದು ಮೂರು ಸಂಗತಿ ಹುಡುಕುತ್ತದೆ. ಶ್ರುತಿ ಎಷ್ಟು, ಜೋರು ಎಷ್ಟು, ಸ್ವರ ಯಾವಾಗ ಶುರುವಾಯಿತು. ಮೂರನ್ನೂ ವೋಲ್ಟೇಜಾಗಿ ಕೈಗೆ ಕೊಡುತ್ತದೆ. ಅವನ್ನು ಆಸಿಲೇಟರ್, ಫಿಲ್ಟರ್, ಎನ್ವಲಪ್‌ಗಳಿಗೆ ಕೇಬಲ್ ಹಾಕಿದರೆ ನೀವು ಹಾಡಿದ್ದನ್ನು ಯಂತ್ರ ನುಡಿಸುತ್ತದೆ. ನುಡಿಸಲು ಯತ್ನಿಸುತ್ತದೆ ಅನ್ನುವುದೇ ಸರಿ. ದನಿಯಲ್ಲಿರುವ ಮೇಲಿನ ಸ್ವರಗಳು ಅದಕ್ಕೆ ಗೊಂದಲ ಮಾಡುತ್ತವೆ, ಒಂದು ಸ್ಥಾಯಿ ಮೇಲಕ್ಕೆ ನೆಗೆದುಬಿಡುತ್ತದೆ. ಅದಕ್ಕೇ ಲೋ ಕಟ್, ಹೈ ಕಟ್ ಎಂಬ ಎರಡು ನಾಬ್ ಕೊಟ್ಟಿದ್ದಾರೆ. ಎರಡೂ ಕಡೆಯಿಂದ ಕತ್ತರಿಸುತ್ತ ಬಂದು ಮೂಲ ಸ್ವರ ಮಾತ್ರ ಉಳಿಯುವ ಹಾಗೆ ಮಾಡಬೇಕು. ಬಾಯಿ ಮುಚ್ಚಿ ‘ಹೂಂ’ ಎಂದು ಗುನುಗಿದರೆ ಚೆನ್ನಾಗಿ ಹಿಡಿಯುತ್ತದೆ. ಗಿಟಾರಿನಲ್ಲಿ ಒಂದು ತಂತಿ ಆದರೆ ಸರಿ, ಎರಡು ತಂತಿ ಒಟ್ಟಿಗೆ ಮೀಟಿದರೆ ದಿಕ್ಕು ತಪ್ಪುತ್ತದೆ. ಆ ದಿಕ್ಕು ತಪ್ಪಿದ ಸದ್ದಿಗಾಗಿಯೇ ಇದನ್ನು ಬಳಸುವವರು ಬಹಳ ಜನ.

ಕೊನೆಯ ಪ್ಯಾಚ್‌ಗೆ ಮುಂಚೆ ಸ್ಪೀಕರ್ ವಾಲ್ಯೂಮ್ ಕಡಿಮೆ ಮಾಡಿ. ಹೆಡ್‌ಫೋನ್ ಕಿವಿಗೆ ಹಾಕಿಕೊಳ್ಳಬೇಡಿ. ಯಂತ್ರದ ಹೆಡ್‌ಫೋನ್ ಜ್ಯಾಕ್‌ನಿಂದ ಈ ಪ್ರೊಸೆಸರ್‌ನ ಒಳಬಾಗಿಲಿಗೆ ಒಂದು ಕೇಬಲ್. ಅದರ ಆಂಪ್ ಔಟ್‌ನಿಂದ ಫಿಲ್ಟರ್‌ಗಳಿಗೆ ಹೋಗುವ ಎಕ್ಸ್‌ಟರ್ನಲ್ ಸಿಗ್ನಲ್ ಇನ್‌ಗೆ ಇನ್ನೊಂದು. ಹೊರಗೆ ಹೋಗಬೇಕಿದ್ದ ಸದ್ದು ತಿರುಗಿ ಫಿಲ್ಟರ್‌ಗಳಿಗೇ ಬಂತು. ಪೀಕ್ ನಾಬ್ ಫಿಲ್ಟರಿನೊಳಗೆ ಮಾಡುತ್ತಿದ್ದುದನ್ನು ಈಗ ಇಡೀ ಯಂತ್ರದ ಸುತ್ತ ನೀವೇ ಮಾಡುತ್ತಿದ್ದೀರಿ. ಸಿಗ್ನಲ್ ಲೆವೆಲನ್ನು ಮೆಲ್ಲಗೆ ಏರಿಸಿ. ಮೊದಲು ಸದ್ದು ದಪ್ಪವಾಗುತ್ತದೆ. ಆಮೇಲೆ ಅಂಚು ಹರಿಯುತ್ತದೆ. ಇನ್ನೂ ಏರಿಸಿದರೆ ಗುರುಗುಟ್ಟುತ್ತ, ನೀವು ಒತ್ತದ ಸ್ವರಗಳತ್ತ ಎಳೆದಾಡುತ್ತದೆ. ಈ ಹೊತ್ತಿಗೆ ಯಾವ ನಾಬ್ ಯಾವುದನ್ನು ಬದಲಿಸುತ್ತದೆ ಎಂದು ಹೇಳುವುದು ಕಷ್ಟ. ಕಟಾಫ್ ತಿರುಗಿಸಿದರೆ ಶ್ರುತಿ ಬದಲಾಗಬಹುದು, ಎನ್ವಲಪ್ ಏರುವ ಸಮಯ ಹೇಳುವ ಅಟ್ಯಾಕ್ ತಿರುಗಿಸಿದರೆ ಸದ್ದಿನ ಬಣ್ಣ ಬದಲಾಗಬಹುದು.

ಮೂಲ ಎಂಎಸ್-20ಯ ತಯಾರಿಕೆ 1983ರ ಹೊತ್ತಿಗೆ ನಿಂತಿತು. 2013ರಲ್ಲಿ ಮೂಲದ 86 ಪ್ರತಿಶತ ಗಾತ್ರದ ಎಂಎಸ್-20 ಮಿನಿ ಬಂತು. ಅದರ ಪ್ಯಾಚ್ ಜ್ಯಾಕ್‌ಗಳು ಚಿಕ್ಕವಾದವು, ಬೇರೆ ವಾದ್ಯ, ಕಂಪ್ಯೂಟರ್‌ಗಳ ಜೊತೆ ಜೋಡಿಸುವ ಮಿಡಿ ಸೇರಿತು. ಸದ್ದುಗಳನ್ನು ಉಳಿಸಿಡುವ ಮೆಮೊರಿ ಮಾತ್ರ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಚೆನ್ನಾಗಿ ಬಂದ ಪ್ಯಾಚ್ ಬೇಕಾದರೆ ಕಾಗದದಲ್ಲಿ ಬರೆದಿಡಬೇಕು. ಸುಮ್ನೆ ಫೋಟೊ ತೆಗೆದರೂ ಆದೀತು, ಆದರೆ ಕೇಬಲ್‌ಗಳು ನಾಬ್‌ಗಳ ಮುಂದೆ ಜೋತುಬಿದ್ದಿರುತ್ತವೆ. ನನ್ನ ಹತ್ತಿರ ಹಾಗೆ ಬರೆದಿಟ್ಟ ಹಾಳೆಗಳ ಒಂದು ಕಟ್ಟೇ ಇದೆ. ಒಂದರಲ್ಲಿ ‘ಪೀಕ್ 7, ಅದಕ್ಕಿಂತ ಒಂಚೂರು ಕಡಿಮೆ’ ಎಂದಿದೆ. ಆ ಒಂಚೂರು ಎಷ್ಟು ಎಂದು ಪ್ರತಿ ಸಲವೂ ಕಿವಿಯಿಂದಲೇ ಹುಡುಕಬೇಕು.